47ನೇ ವಯಸ್ಸಿನಲ್ಲಿ ಕೃಷಿ ಕೆಲಸಕ್ಕಾಗಿ ವಿದೇಶಕ್ಕೆ ಹೋಗಬಹುದೇ?

ಪ್ರಶ್ನೆ

ನನಗೆ ಈಗ 47 ವರ್ಷ. ಲೆಕ್ಕಪತ್ರ ವಿಭಾಗದಲ್ಲಿದ್ದ ಕೆಲಸ ಕೈಬಿಟ್ಟ ಮೇಲೆ ಕೆಲವು ವರ್ಷಗಳಿಂದ ಸಂಬಂಧಿಕರ ಜಮೀನಿನಲ್ಲಿ ದುಡಿಯುತ್ತಿದ್ದೇನೆ. ಟ್ರ್ಯಾಕ್ಟರ್ ಓಡಿಸುವುದು, ಹನಿ ನೀರಾವರಿಯ ಪೈಪು ಜೋಡಿಸುವುದು, ಯಂತ್ರದಿಂದ ಹಾಲು ಕರೆಯುವುದು ಇವೆಲ್ಲ ಗೊತ್ತು. ಇಂಗ್ಲಿಷ್ ಓದಿ ಅರ್ಥಮಾಡಿಕೊಳ್ಳಬಲ್ಲೆ, ಮಾತು ಅಷ್ಟಾಗಿ ಸರಾಗವಿಲ್ಲ. ಹೊರದೇಶದಲ್ಲಿ ಕೃಷಿ ಕೆಲಸ ಹುಡುಕಿಕೊಂಡು, ಸಾಧ್ಯವಾದರೆ ಅಲ್ಲಿಯೇ ನೆಲೆಸಬೇಕೆಂಬ ಆಲೋಚನೆಯಿದೆ. ಒಬ್ಬ ಏಜೆಂಟರು ಇಂಗ್ಲೆಂಡಿನ ಸ್ಟ್ರಾಬೆರಿ ತೋಟವೊಂದರ ಪತ್ರ ತೋರಿಸಿ, ತೋಟದವರೇ ನೇರವಾಗಿ ಎರಡು ವರ್ಷಗಳ ವೀಸಾ ಕೊಡಿಸುತ್ತಾರೆ, ಆರು ತಿಂಗಳ ನಂತರ ಹೆಂಡತಿ ಮಕ್ಕಳನ್ನೂ ಕರೆಸಿಕೊಳ್ಳಬಹುದು ಎನ್ನುತ್ತಿದ್ದಾರೆ. ಅದಕ್ಕೆ ಮುಂಗಡ ಕೇಳಿದ್ದಾರೆ. ಈ ವಯಸ್ಸಿನಲ್ಲಿ ಇದು ಆಗುವ ಮಾತೇ? ತಿಳಿದವರು ದಯವಿಟ್ಟು ಹೇಳಬೇಕು.

ಮೊದಲನೆಯ ಉತ್ತರ

ಮೊದಲು ಆ ಪತ್ರದ ವಿಷಯ. ಬ್ರಿಟನ್ನಿನಲ್ಲಿ ಹಣ್ಣು ತರಕಾರಿ ಕೊಯ್ಲಿಗೆ ಹೊರಗಿನವರು ಹೋಗುವುದು ಹಂಗಾಮಿ ಕಾರ್ಮಿಕರ ವೀಸಾದ ಮೇಲೆ. ಅದರಲ್ಲಿ ಒಮ್ಮೆಗೆ ಹೆಚ್ಚೆಂದರೆ 6 ತಿಂಗಳು ಇರಬಹುದು, ಕುಟುಂಬವನ್ನು ಕರೆದೊಯ್ಯಲು ಅವಕಾಶವಿಲ್ಲ, ಎಷ್ಟು ಬಾರಿ ಹೋಗಿ ಬಂದರೂ ಅದು ಕಾಯಂ ವಾಸಕ್ಕೆ ದಾರಿಯಾಗುವುದಿಲ್ಲ. ಇದಕ್ಕಿಂತ ಮುಖ್ಯವಾದ ಅಂಶವೆಂದರೆ, ಈ ವೀಸಾಕ್ಕೆ ತೋಟದ ಮಾಲೀಕರು ನೇರವಾಗಿ ಪ್ರಾಯೋಜಕರಾಗುವಂತೆಯೇ ಇಲ್ಲ; ಸರ್ಕಾರ ಒಪ್ಪಿಗೆ ಕೊಟ್ಟಿರುವ ಬೆರಳೆಣಿಕೆಯ ಸಂಸ್ಥೆಗಳು ಮಾತ್ರ ಜನರನ್ನು ಆರಿಸಿ ತೋಟಗಳಿಗೆ ಕಳುಹಿಸುತ್ತವೆ. ಕೆಲಸ ಹುಡುಕಿಕೊಟ್ಟದ್ದಕ್ಕಾಗಿ ಕಾರ್ಮಿಕರಿಂದ ಶುಲ್ಕ ಪಡೆಯುವುದನ್ನು ಅಲ್ಲಿನ ಕಾನೂನು 1973ರಿಂದಲೂ ನಿಷೇಧಿಸಿದೆ. ವೀಸಾ ಶುಲ್ಕ, ವಿಮಾನದ ಟಿಕೆಟ್ಟು ಸಾಮಾನ್ಯವಾಗಿ ನಮ್ಮ ಖರ್ಚೇ, ಅದು ಬೇರೆ. ಎರಡು ವರ್ಷ, ನೇರ ವೀಸಾ, ಕುಟುಂಬ, ಮುಂಗಡ: ನಿಮ್ಮ ಏಜೆಂಟರು ಹೇಳಿರುವ ನಾಲ್ಕು ಮಾತುಗಳಲ್ಲಿ ಒಂದೂ ಈ ನಿಯಮಗಳೊಂದಿಗೆ ಹೊಂದುವುದಿಲ್ಲ. ಹಣ ಕೊಡಬೇಡಿ.

ಇನ್ನು ವಯಸ್ಸು. ಇಲ್ಲಿ ಎರಡು ವಿಷಯಗಳು ಸೇರಿಹೋಗಿವೆ, ಬಿಡಿಸಿ ನೋಡುವುದು ಒಳ್ಳೆಯದು. ದುಡಿದು ಹಿಂದಿರುಗುವ ವೀಸಾಗಳಲ್ಲಿ ಅನೇಕಕ್ಕೆ ಗರಿಷ್ಠ ವಯಸ್ಸಿನ ಮಿತಿಯೇ ಇಲ್ಲ. ಬ್ರಿಟನ್ನಿನ ಹಂಗಾಮಿ ವೀಸಾಕ್ಕೆ 18 ತುಂಬಿದ್ದರೆ ಸಾಕು. ಜಪಾನ್ 2019ರಲ್ಲಿ ಆರಂಭಿಸಿದ ನಿರ್ದಿಷ್ಟ ಕೌಶಲ ಕಾರ್ಮಿಕರ ವೀಸಾದಲ್ಲಿ ಕೃಷಿಯೂ ಸೇರಿದ್ದು, ಅಲ್ಲಿಯೂ ಮೇಲ್ಮಿತಿ ಇಲ್ಲ. ಆದರೆ ಕೌಶಲ ಪರೀಕ್ಷೆಯ ಜೊತೆಗೆ ಜಪಾನಿ ಭಾಷೆಯ ಆರಂಭಿಕ ಹಂತದ ಪರೀಕ್ಷೆಯನ್ನೂ ಪಾಸು ಮಾಡಬೇಕು, ಮೊದಲ ಹಂತದಲ್ಲಿ ಒಟ್ಟು 5 ವರ್ಷ ಒಬ್ಬರೇ ಇರಬೇಕು. ಅದರ ಎರಡನೆಯ ಹಂತವನ್ನು 2023ರಲ್ಲಿ ಕೃಷಿಗೂ ವಿಸ್ತರಿಸಿದ್ದಾರೆ. ಅದು ಸಿಕ್ಕರೆ ಕುಟುಂಬವನ್ನು ಕರೆಸಿಕೊಳ್ಳಬಹುದು. ವಯಸ್ಸಿನ ಮಿತಿ ಇಲ್ಲವೆಂಬುದಕ್ಕೆ ಅಪವಾದಗಳೂ ಇವೆ: ದಕ್ಷಿಣ ಕೊರಿಯಾದ ಕಾರ್ಮಿಕ ಪರವಾನಗಿ ಯೋಜನೆ 39 ವರ್ಷಕ್ಕೆ ಮುಗಿಯುತ್ತದೆ, ಆಸ್ಟ್ರೇಲಿಯಾದ ರಜಾಕಾಲದ ದುಡಿಮೆಯ ವೀಸಾ 30ಕ್ಕೆ, ಕೆಲವು ದೇಶದವರಿಗೆ 35ಕ್ಕೆ.

ನೆಲೆಸುವ ವೀಸಾಗಳ ಕಥೆಯೇ ಬೇರೆ. ಅಂಕಗಳನ್ನು ಆಧರಿಸಿದ ಆಸ್ಟ್ರೇಲಿಯಾದ ವೀಸಾಗಳಿಗೆ 45 ವರ್ಷದೊಳಗಿರಬೇಕು. ಕುಶಲ ಕೆಲಸಗಾರರನ್ನು ಅಂಕಗಳ ಮೇಲೆ ಕಾಯಂ ವಾಸಕ್ಕೆ ಆರಿಸುವ ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ 45 ದಾಟಿದವರೂ ಅರ್ಜಿ ಹಾಕಬಹುದಾದರೂ ವಯಸ್ಸಿನ ಬಾಬತ್ತಿನಲ್ಲಿ ಸಿಗುವ ಅಂಕ ಸೊನ್ನೆ. ನ್ಯೂಜಿಲೆಂಡ್ ಮಾತ್ರ ಕುಶಲ ವಲಸಿಗರ ವರ್ಗದಲ್ಲಿ 55ರವರೆಗೆ ಬಾಗಿಲು ತೆರೆದಿಟ್ಟಿದೆ, ಆದರೆ ಬರಿಯ ಕೂಲಿ ಕೆಲಸವನ್ನು ಅದು ಕುಶಲ ಕೆಲಸವೆಂದು ಎಣಿಸುವುದಿಲ್ಲ. ಆದ್ದರಿಂದ ನೆಲೆಸುವುದೇ ಗುರಿಯಾಗಿದ್ದರೆ ಕೊಯ್ಲಿನ ಕೆಲಸದ ಮೇಲೆ ಭರವಸೆ ಇಡುವುದು ವ್ಯರ್ಥ; ನಿಮಗೆ ಬರುವ ಹಾಲು ಮತ್ತು ಯಂತ್ರದ ಕೆಲಸವನ್ನೇ ಮುಂದಿಟ್ಟುಕೊಂಡು ಹೊರಡಬೇಕು.

ಎರಡನೆಯ ಉತ್ತರ

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ನಾನು ನಲವತ್ತು ದಾಟಿದ ಮೇಲೆ ನ್ಯೂಜಿಲೆಂಡಿನ ಹೈನು ಫಾರ್ಮೊಂದರಲ್ಲಿ ದುಡಿದವನು. ಮೈಗೆ ಏನಾಗುತ್ತದೆ ಎಂಬುದನ್ನು ಮಾತ್ರ ಸೇರಿಸುತ್ತೇನೆ.

ಅಲ್ಲಿ ಹಾಲು ಕರೆಯುವ ಕೊಟ್ಟಿಗೆಯ ನಡುವೆ ಉದ್ದನೆಯ ತಗ್ಗು ಇರುತ್ತದೆ. ನಾವು ತಗ್ಗಿನಲ್ಲಿ ನಿಂತಿರುತ್ತೇವೆ, ಹಸುಗಳು ಎರಡೂ ಬದಿಯ ಕಟ್ಟೆಯ ಮೇಲೆ ಓರೆಯಾಗಿ ಸಾಲುಗಟ್ಟಿ ನಿಲ್ಲುತ್ತವೆ, ಕೆಚ್ಚಲು ನಮ್ಮ ಎದೆಯ ಮಟ್ಟಕ್ಕೆ ಬರುತ್ತದೆ. ಹೀಗಾಗಿ ಬೆನ್ನು ಬಗ್ಗಿಸುವ ಪ್ರಮೇಯ ಕಡಿಮೆ; ಆದರೆ ಒಂದೊಂದು ಹಸುವಿಗೂ ನಾಲ್ಕು ಕೊಳವೆಗಳ ಗೊಂಚಲನ್ನು ಎತ್ತಿ ಹಾಕಿ ತೆಗೆಯುವ ಕೆಲಸ ನೂರಾರು ಬಾರಿ ನಡೆಯುವುದರಿಂದ ಭುಜ ಮತ್ತು ಮಣಿಕಟ್ಟು ಸೋಲುತ್ತವೆ. ಇನ್ನೂ ಕತ್ತಲಿರುವಾಗಲೇ ಮೊದಲ ಸರದಿ, ಮಧ್ಯಾಹ್ನದ ಮೇಲೆ ಮತ್ತೊಂದು. ಎಲ್ಲ ಮುಗಿದ ಮೇಲೆ ಅಂಗಳದ ಸಗಣಿಯನ್ನು ದಪ್ಪ ಪೈಪಿನ ನೀರಿನಿಂದ ತೊಳೆಯಬೇಕು. ಜುಲೈ ಕೊನೆಯಿಂದ ಕರು ಹಾಕುವ ಕಾಲ ಶುರುವಾಗುತ್ತದೆ. ಆಗ ಮಳೆ, ಕೆಸರು, ನಿದ್ದೆಗೇಡು, ಮೂರೂ ಒಟ್ಟಿಗೆ. ಗುಡ್ಡದ ಇಳಿಜಾರಿನಲ್ಲಿ ಕ್ವಾಡ್ ಬೈಕು (ನಾಲ್ಕು ಚಕ್ರದ ಬೈಕು) ಮಗುಚಿ ಪ್ರಾಣ ಕಳೆದುಕೊಂಡವರಿದ್ದಾರೆ, ಅದನ್ನು ಹಗುರವಾಗಿ ಕಾಣಬೇಡಿ.

ವಯಸ್ಸಾಗಿದೆಯೆಂದು ನನ್ನನ್ನು ಯಾರೂ ತಿರಸ್ಕರಿಸಲಿಲ್ಲ. ಹೊತ್ತಿಗೆ ಸರಿಯಾಗಿ ಏಳುವ, ಕೆಚ್ಚಲು ಬಾವನ್ನು ಮೊದಲ ದಿನವೇ ಗುರುತಿಸುವ ಮಧ್ಯವಯಸ್ಕ ಕೆಲಸಗಾರನೆಂದರೆ ಮಾಲೀಕರಿಗೂ ನೆಮ್ಮದಿ. ಅಲ್ಲಿನ ಹೈನು ವರ್ಷ ಜೂನ್ 1ಕ್ಕೆ ಆರಂಭವಾಗುತ್ತದೆ, ಹಳೆಯ ಒಪ್ಪಂದಗಳು ಮುಗಿದು ಹೊಸವು ಶುರುವಾಗುವುದು ಆ ದಿನವೇ. ಆದ್ದರಿಂದ ಕೆಲಸ ಹುಡುಕುವುದಾದರೆ ಅದಕ್ಕೆ ಕೆಲವು ತಿಂಗಳು ಮೊದಲೇ ಹೊರಡಬೇಕು. ಮಾತಿನ ಇಂಗ್ಲಿಷನ್ನು ಈಗಿನಿಂದಲೇ ರೂಢಿಸಿಕೊಳ್ಳಿ. ಫೋನಿನ ಸಂದರ್ಶನದಲ್ಲಿ ಪ್ರಮಾಣಪತ್ರ ಯಾರಿಗೂ ಕಾಣುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಏಜೆಂಟರಿಗೆ ಬೇಡವೆಂದು ತಿಳಿಸಿದ್ದೇನೆ. ಅವರು ಈಗ ಅಮೆರಿಕ ಅಥವಾ ಕೆನಡಾದ ಪತ್ರ ತರಿಸಿಕೊಡುವೆನೆನ್ನುತ್ತಿದ್ದಾರೆ. ಅಂಥ ಪತ್ರ ಬಂದರೆ ಪರೀಕ್ಷಿಸುವುದು ಹೇಗೆ?

ಮೂರನೆಯ ಉತ್ತರ

ಅದೇ ವ್ಯಕ್ತಿ ಇನ್ನೊಂದು ದೇಶದ ಹೆಸರು ಹೇಳಿದ ಮಾತ್ರಕ್ಕೆ ಪರೀಕ್ಷೆಯ ಅಗತ್ಯ ಬೀಳುತ್ತದೆಯೇ ಎಂಬುದೇ ನನ್ನ ಸಂದೇಹ. ಆದರೂ ಹೇಳುತ್ತೇನೆ. ಹಂಗಾಮಿ ಕೃಷಿ ಕೆಲಸಕ್ಕೆಂದು ಇರುವ ಅಮೆರಿಕದ ಎಚ್-2ಎ ವೀಸಾದಡಿ ಕೆಲಸಗಾರರನ್ನು ಕರೆಸುವ ಮಾಲೀಕರ ಬೇಡಿಕೆಗಳನ್ನು ಅಲ್ಲಿನ ಕಾರ್ಮಿಕ ಇಲಾಖೆಯೇ ತನ್ನ ಸೀಸನಲ್ ಜಾಬ್ಸ್ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಫಾರ್ಮಿನ ಹೆಸರು, ಕೆಲಸದ ಅವಧಿ, ಗಂಟೆಯ ಕೂಲಿ ಅಲ್ಲಿ ಕಾಣುತ್ತವೆ. ಪತ್ರದಲ್ಲಿರುವುದು ಅದಕ್ಕೆ ತಾಳೆಯಾಗಬೇಕು. ವಸತಿಯನ್ನು ಮಾಲೀಕರು ಉಚಿತವಾಗಿ ಕೊಡಬೇಕು, ಒಪ್ಪಂದದ ಅರ್ಧ ಅವಧಿ ಮುಗಿದಾಗ ಬಂದ ಪ್ರಯಾಣದ ಖರ್ಚನ್ನು ಭರಿಸಬೇಕು, ಒಪ್ಪಂದದಲ್ಲಿ ಹೇಳಿದ ಗಂಟೆಗಳ ಮುಕ್ಕಾಲು ಭಾಗದ ಕೆಲಸಕ್ಕೆ ಖಾತರಿ ನೀಡಬೇಕು. ನೇಮಕಾತಿ ಶುಲ್ಕವನ್ನು ಕೆಲಸಗಾರರಿಂದ ಪಡೆಯುವುದು ಅಲ್ಲಿಯೂ ನಿಷಿದ್ಧ.

ಕೆನಡಾದಲ್ಲಿ ಕೆರಿಬಿಯನ್ ದೇಶಗಳಿಗೆ ಮತ್ತು ಮೆಕ್ಸಿಕೋಗೆ ಮೀಸಲಾದ ಹಂಗಾಮಿ ಯೋಜನೆಯೊಂದಿದೆ, ಯಾವ ದೇಶದವರಿಗಾದರೂ ತೆರೆದಿರುವ ಕೃಷಿ ವಿಭಾಗವೊಂದಿದೆ; ಪತ್ರದಲ್ಲಿ ಯಾವುದರ ಹೆಸರಿದೆಯೆಂದು ಮೊದಲು ನೋಡಿ. ಅಲ್ಲಿನ ಕೆಲಸದ ಪರವಾನಗಿ ಸಾಮಾನ್ಯವಾಗಿ ಒಬ್ಬ ಮಾಲೀಕರಿಗಷ್ಟೇ ಕಟ್ಟುಬಿದ್ದಿರುತ್ತದೆ. ದೌರ್ಜನ್ಯಕ್ಕೊಳಗಾದವರು ಬೇರೆಡೆ ದುಡಿಯಲು ಮುಕ್ತ ಪರವಾನಗಿ ಕೇಳುವ ಅವಕಾಶ 2019ರಿಂದ ಇದೆ. ಎಲ್ಲಿಗೇ ಹೋದರೂ ಪಾಸ್‌ಪೋರ್ಟನ್ನು ಮಾಲೀಕರ ಕೈಗೆ ಒಪ್ಪಿಸಬೇಡಿ, ಒಪ್ಪಂದದ ಒಂದು ಪ್ರತಿಯನ್ನು ಮನೆಯವರ ಬಳಿ ಬಿಟ್ಟುಹೋಗಿ, ಕೂಲಿ ಗಂಟೆಯ ಲೆಕ್ಕವೋ ಬುಟ್ಟಿಯ ಲೆಕ್ಕವೋ ಎಂಬುದನ್ನು ಸಹಿ ಹಾಕುವ ಮೊದಲೇ ಬರೆಸಿಕೊಳ್ಳಿ. ಬುಟ್ಟಿಯ ಲೆಕ್ಕವಾದರೆ ಇಪ್ಪತ್ತರ ಹುಡುಗರ ವೇಗಕ್ಕೆ ನಿಗದಿಯಾದ ದರದಲ್ಲಿ ನೀವು ದುಡಿಯಬೇಕಾಗುತ್ತದೆ. ಕನಿಷ್ಠ ಕೂಲಿಯ ಖಾತರಿ ಇಲ್ಲದ ಕಡೆ ಅದನ್ನು ಒಪ್ಪಿಕೊಳ್ಳಬೇಡಿ.