ಸ್ಟೆಫಿ ಗ್ರಾಫ್, ಒಲಾಫ್ ಶೋಲ್ಜ್: ಇವು ಪದವಿಗಳೋ, ಬರೀ ಅಡ್ಡಹೆಸರುಗಳೋ?

ಪ್ರಶ್ನೆ: ಜರ್ಮನ್‌ನಲ್ಲಿ ಗ್ರಾಫ್ ಅಂದರೆ ಕೌಂಟ್, ಯುರೋಪಿನ ಕುಲೀನರ ಒಂದು ಪದವಿ. ಹಾಗಾದರೆ ಆ ಅಡ್ಡಹೆಸರಿನವರೆಲ್ಲ ಕೌಂಟ್ ಮನೆತನದವರಾ? ಜರ್ಮನಿಯ ಮಾಜಿ ಚಾನ್ಸಲರ್ ಒಲಾಫ್ ಅವರ ಅಡ್ಡಹೆಸರಾದ ಶೋಲ್ಜ್, ಜೊತೆಗೆ ಶುಲ್ಜ್, ಶುಲ್ಟೆ ಮೂರೂ ಒಂದೇ ಹುದ್ದೆಯಿಂದ ಬಂದವು ಅನ್ನೋದು ನಿಜವೇ? ಊರ ಹೆಸರಿನಲ್ಲಿ ಇಂಥವನ್ನು ಗುರುತಿಸೋದು ಹೇಗೆ?

ಉತ್ತರ 1: ಹೆಣ್ಣುಮಕ್ಕಳ ಹೆಸರು ನೋಡಿ, ಗೊತ್ತಾಗುತ್ತೆ. ಪತ್ರಕರ್ತೆ ಮರಿಯೋನ್ ಗ್ರೇಫಿನ್ ಡ್ಯೋನ್‌ಹಾಫ್ ಹೆಸರಲ್ಲಿ ಗ್ರಾಫ್ ಹೋಗಿ ಗ್ರೇಫಿನ್ ಆಗಿದೆ, ಅದರ ಮುಂದೆ ಮನೆತನದ ಹೆಸರೂ ಇದೆ. ಅದು ಪದವಿ. ಸ್ಟೆಫಿ ಮಾತ್ರ ಗ್ರಾಫ್ ಆಗಿಯೇ ಉಳಿದರು, ಅಂದರೆ ಬರೀ ಅಡ್ಡಹೆಸರು. ಗ್ರಾಫ್, ಹೆರ್ಜೋಗ್ (ಡ್ಯೂಕ್), ಕ್ಯೋನಿಗ್ (ರಾಜ) ಎಂಬ ಅಡ್ಡಹೆಸರುಗಳು ಹೆಚ್ಚಾಗಿ ಒಡೆಯನ ಮನೆಯ ಊಳಿಗದವರಿಗೋ ಠೀವಿ ತೋರಿಸುತ್ತಿದ್ದವರಿಗೋ ಜನ ಅಂಟಿಸಿದವು. ಜರ್ಮನಿಯ ಹೆಸ್ಸೆ ಸೀಮೆಯ ಗ್ರೇಬೆಯಂತೂ ಹಳ್ಳಿಯ ಮುಖ್ಯಸ್ಥ ಅಷ್ಟೇ.

ಇನ್ನು ಅಸಲಿ ಪದವಿಗಳ ಕಥೆ: ಜರ್ಮನಿಯ 1919ರ ವೈಮಾರ್ ಸಂವಿಧಾನದ 109ನೇ ವಿಧಿ ಅವನ್ನು ಹೆಸರಿನ ಭಾಗವಾಗಿ ಮಾತ್ರ ಉಳಿಸಿತು. ಅದೇ ವರ್ಷ ಆಸ್ಟ್ರಿಯಾ ಅವನ್ನು, ಕುಲೀನರ ಹೆಸರಿನ ನಡುವೆ ಬರುವ ‘ಫೊನ್’ ಸಮೇತ, ಕಿತ್ತುಹಾಕಿತು.

ಉತ್ತರ 2: ಹೌದು, ಮೂರಕ್ಕೂ ಮೂಲ ಶುಲ್ಟ್‌ಹೈಸ್. ಒಡೆಯನಿಗೆ ಸಲ್ಲಬೇಕಾದ್ದನ್ನು ವಸೂಲಿ ಮಾಡಿ, ಸಣ್ಣಪುಟ್ಟ ವ್ಯಾಜ್ಯ ತೀರಿಸುತ್ತಿದ್ದ ಊರ ಅಧಿಕಾರಿ. ನಮ್ಮ ಪಾಟೀಲರಿದ್ದ ಹಾಗೆ. ಶೋಲ್ಜ್ ಅಂದರೆ ಮೂಲ ಬಹುತೇಕ ಸೈಲೀಸಿಯಾ (ಈಗ ಹೆಚ್ಚಿನ ಭಾಗ ಪೋಲೆಂಡಿನಲ್ಲಿರುವ ಸೀಮೆ), ಶುಲ್ಟೆ ಅಂದರೆ ಜರ್ಮನಿಯ ವಾಯವ್ಯದ ವೆಸ್ಟ್‌ಫಾಲಿಯಾ ಕಡೆ. ಡಚ್ಚರಲ್ಲಿ ಇದೇ ಸ್ಖೌಟೆನ್.

ವಂಶಾವಳಿ ಹುಡುಕುವವರು ಎಡವುವುದು ಇಲ್ಲಿ: 16ನೇ ಶತಮಾನದ ಹೊತ್ತಿಗೆ ಓದಿದ ಮನೆಗಳು ಇದನ್ನು ಲ್ಯಾಟಿನ್‌ಗೆ ತಿರುಗಿಸಿಕೊಂಡಿದ್ದವು. ಸಂಗೀತಗಾರ ಮಿಖಾಯೆಲ್ ಪ್ರೆಟೋರಿಯಸ್ ಮನೆತನವೂ ಮೂಲದಲ್ಲಿ ಶುಲ್ಟ್‌ಹೈಸ್‌ನದೇ. ಚರ್ಚ್ ದಾಖಲೆಗಳಲ್ಲಿ ಪ್ರೆಟೋರಿಯಸ್, ಸ್ಕುಲ್ಟೇಟಸ್ ಎರಡನ್ನೂ ಹುಡುಕದಿದ್ದರೆ ಎಳೆ ಅಲ್ಲೇ ಕಡಿಯುತ್ತೆ.

ಉತ್ತರ 3: ಊರ ಹೆಸರಿಗೆ ಷಷ್ಠಿ ಪ್ರತ್ಯಯವೇ ಗುರುತು. ರಾಜನದಾದರೆ ‘ಸ್’: ಕ್ಯೋನಿಗ್ಸ್‌ಬೆರ್ಗ್. ಗ್ರಾಫ್, ಹೆರ್ಜೋಗ್‌ಗೆ ‘ಎನ್’: ಗ್ರಾಫೆನ್‌ವ್ಯೋರ್, ಆಡಿಡಾಸ್-ಪ್ಯೂಮಾಗಳ ಊರಾದ ಹೆರ್ಜೋಗೆನೌರಾಖ್. ಹೇಗ್ ನಗರದ ಪೂರ್ತಿ ಹೆಸರು ಸ್ಖ್ರಾವೆನ್‌ಹಾಗೆ, ಕೌಂಟ್‌ನ ಬೇಲಿಯೊಳಗಿನ ಜಾಗ. ಇಂಗ್ಲೆಂಡಿನಲ್ಲಿ ವೈಕ್ ಎಂಬ ಬಂದರನ್ನು ಒಂದನೇ ಎಡ್ವರ್ಡ್ ಕೊಂಡುಕೊಂಡ. 1299ರ ಸನ್ನದಿನಲ್ಲಿ ಅದು ಕಿಂಗ್‌ಸ್ಟನ್ ಅಪಾನ್ ಹಲ್ ಆಯಿತು.

ಈಗಿನ ಕಾಗುಣಿತ ನಂಬಿ ಅರ್ಥ ಹೇಳಬೇಡಿ, ಸಿಕ್ಕಷ್ಟು ಹಳೆಯ ರೂಪ ತೆಗೆದು ನೋಡಿ. ಥೇಮ್ಸ್ ದಡದ ಗ್ರೇವ್ಸೆಂಡ್‌ನಲ್ಲಿ ಗ್ರಾಫೂ ಇಲ್ಲ, ಗೋರಿಯೂ ಇಲ್ಲ. ಅದು ತೋಪಿನ ಅಂಚು.