‘ವಿಚಾರಣೆ’ ಅಂದರೆ ಹೆದರಬೇಕಾ?

ಅಡಿಕೆಮನೆ, ತೀರ್ಥಹಳ್ಳಿ:
ತೋಟದ ಖಾತೆ ತಕರಾರಿಗೆ ತಹಶೀಲ್ದಾರರ ನೋಟಿಸ್ ಬಂದಿದೆ. ‘ವಿಚಾರಣೆಗೆ ಹಾಜರಾಗತಕ್ಕದ್ದು’ ಅಂತಿದೆ. ಪೊಲೀಸ್ ಕೇಸು ಅಂದುಕೊಂಡು ಅಮ್ಮ ನಿದ್ದೆ ಬಿಟ್ಟಿದ್ದಾರೆ. ‘ವಿಚಾರಿಸು’ ಅಂದರೆ ಯೋಗಕ್ಷೇಮ ಕೇಳೋದು ಅಲ್ವಾ?

ಹಳೇ ಗುಮಾಸ್ತ, ಸಾಗರ:
ಅಮ್ಮನಿಗೆ ಧೈರ್ಯ ಹೇಳಿ. ಪೊಲೀಸರು ಮಾಡೋದು ‘ತನಿಖೆ’. ಸುಳಿವು ಹುಡುಕೋದು, ಮಹಜರು ಬರೆಯೋದು ಎಲ್ಲ ಅದರೊಳಗೆ. ‘ವಿಚಾರಣೆ’ಯಲ್ಲಿ ಅಧಿಕಾರಿ ಕೂತು ಎರಡೂ ಕಡೆಯವರ ಮಾತು ಕೇಳುತ್ತಾರೆ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯಲ್ಲೇ ಇದಕ್ಕೆ ಜಾಗ ಇದೆ: 33ನೇ ಕಲಂ ಪೂರ್ಣ ವಿಚಾರಣೆಗೆ, 34ನೇದು ಸಂಕ್ಷಿಪ್ತಕ್ಕೆ. ಪಹಣಿ, ಹಳೇ ಕ್ರಯಪತ್ರ ತಗೊಂಡು ಹೋಗಿ. ಬಾಯಿಮಾತು ಸುಮ್ನೆ.
ಬರೆಯುವಾಗ ‘ಅರ್ಜಿಯನ್ನು ವಿಚಾರಣೆ ಮಾಡಿ’ ಅನ್ನಿ. ‘ಅವನನ್ನು ವಿಚಾರಿಸಿ’ ಅಂದರೆ ಬೇರೆಯೇ ಆಗುತ್ತೆ!

ಮಳೆಹುಳ, ಆಗುಂಬೆ:
ಹೌದು ಮಾರಾಯ್ರೇ. ನಮ್ಮಲ್ಲಿ ಮದುವೆಮನೆಯಲ್ಲಿ ‘ಪಂಕ್ತಿ ವಿಚಾರಿಸ್ಕೊಳ್ಳಿ’ ಅಂದರೆ ಬಡಿಸಿ ಅಂತ. ಬೇಲಿ ಜಗಳದಲ್ಲಿ ‘ವಿಚಾರಿಸ್ಕೊಳ್ತೀನಿ’ ಅಂದರೆ ಬೆದರಿಕೆ.

ಅಡಿಕೆಮನೆ, ತೀರ್ಥಹಳ್ಳಿ:
ಅಮ್ಮನಿಗೆ ಓದಿ ಹೇಳಿದೆ. ಈಗ ಕ್ರಯಪತ್ರ ಯಾವ ಪೆಟ್ಟಿಗೆಯಲ್ಲಿದೆ ಅಂತ ನನ್ನನ್ನೇ ವಿಚಾರಣೆ ಮಾಡ್ತಿದ್ದಾರೆ.