‘ಇಂಗ್ಲಿಷ್ ಟೀಚರ್ ರೂಲ್ಸು ನಮ್ಮ ಹುಡುಗಿಗೆ ಭಾರ ಆಗ್ಯಾವ’: ಓದುಗರ ಸ್ಪಂದನ

ಹೋದ ಸಲ ಬಂದ ಸಮಸ್ಯೆ: ನಮ್ದು ಸಿಂಧನೂರು ತಾಲೂಕಿನ ಹಳ್ಳಿ. ಮಗಳು ಊರ ಸಾಲ್ಯಾಗ ಏಳನೇತ್ತ ಮುಗಿಸಿ ಈ ವರ್ಷ ಪಕ್ಕದೂರ ಹೈಸ್ಕೂಲಿಗೆ ಎಂಟನೇತ್ತಕ್ಕ ಹೊಂಟಾಳ, ಕನ್ನಡ ಮೀಡಿಯಂ. ಅಲ್ಲಿ ಇಂಗ್ಲಿಷ್ ಟೀಚರ್ ಮೊದಲ್ನೇ ವಾರನ ಒಂದು ಹಾಳಿ ತುಂಬ ರೂಲ್ಸು ಬರೆಸಿ, ನೋಟ್‌ಬುಕ್ಕಿಗೆ ಅಂಟಿಸಿ, ಮನಿಯವ್ರ ಸಹಿ ಮಾಡಿಸ್ಕೊಂಡು ಬಾ ಅಂದ್ರು. ಕ್ಲಾಸಿನ್ಯಾಗ ಕನ್ನಡ ಮಾತಾಡಂಗಿಲ್ಲ, ಹೋಮ್‌ವರ್ಕ್ ಮರುದಿನ ಬೆಲ್ ಹೊಡಿಯೋದ್ರೊಳಗ ಟೇಬಲ್ ಮ್ಯಾಲೆ ಇರಬೇಕು, ತಡ ಆದ್ರ ತಗೊಳ್ಳಂಗಿಲ್ಲ, ಮೂರು ಸಲ ತಪ್ಪಿದ್ರ ಪಾಲಕರನ್ನ ಕರ್ಕೊಂಡು ಬರಬೇಕು, ಸ್ಪೆಲಿಂಗ್ ತಪ್ಪಾದ್ರ ಇಪ್ಪತ್ತು ಸಲ ಬರಿಬೇಕು, ದಿನಾ ಐದು ಹೊಸ ಪದ. ಕ್ಲಾಸ್‌ವರ್ಕಿಗೊಂದು, ಹೋಮ್‌ವರ್ಕಿಗೊಂದು, ಗ್ರಾಮರಿಗೊಂದು ನೋಟ್‌ಬುಕ್ಕು. ಈಗ ಹತ್ತಿ ಬಿಡಿಸೋ ಟೈಮು, ನಾವಿಬ್ರೂ ಹೊಲದಾಗ ಇರ್ತೀವಿ, ಮನಿ ಕೆಲಸ, ತಮ್ಮನ್ನ ನೋಡ್ಕೊಳ್ಳೋದು ಅಕಿ ಮ್ಯಾಲೆ ಬಿದ್ದೈತಿ. ಆಗಲೇ ಎರಡು ಸಲ ತಪ್ಪೇತಿ. ಮುಂಜಾನೆ ಎದ್ದ ಕೂಡ್ಲೆ ಹೊಟ್ಟಿನೋವು ಅಂತ ಅಳ್ತಾಳ, ಸಾಲಿನ ಬ್ಯಾಡ ಅಂತಾಳ. ನನಗ ಇಂಗ್ಲಿಷ್ ಬರಂಗಿಲ್ಲ. ಅವರಪ್ಪ ಪ್ರೈವೇಟಿಗೆ ಹಾಕೋಣ ಅಂತಾರ. ನಾನು ಟೀಚರ್ ಹತ್ರ ಹೋಗಿ ಮಾತಾಡ್ಲೋ, ಸುಮ್ನ ಇರ್ಲೋ?

ನಿವೃತ್ತ ಇಂಗ್ಲಿಷ್ ಮೇಷ್ಟ್ರು, ಗಂಗಾವತಿ

ತಂಗಿ, ಮೂರನೇ ಸಲ ತಪ್ಪಲಿ ಆಮ್ಯಾಲೆ ನೋಡೋಣ ಅಂತ ಕುಂದ್ರಬ್ಯಾಡ್ರಿ, ಅವ್ರು ಕರೆಯೋಕಿಂತ ಮುಂಚೆ ನೀವಾ ಹೋಗ್ರಿ. ಕರೆಸಿದ ಮ್ಯಾಲೆ ಹೋದ್ರ ಅಲ್ಲಿ ಉತ್ತರ ಕೊಡೋದ ನಿಮ್ಮ ಕೆಲಸ ಆಗ್ತೈತಿ, ಕೇಳಬೇಕಂದಿದ್ದು ಕೇಳಾಕ ಆಗಂಗಿಲ್ಲ.

ಹೈಸ್ಕೂಲಿಗೆ ಎಂಟನೇತ್ತಕ್ಕ ಮಕ್ಕಳು ಬರೋದು ಸುತ್ತಲಿನ ಐದಾರು ಹಳ್ಳಿಯಿಂದ. ನಮ್ಮ ರಾಜ್ಯದಾಗ 2007ರಿಂದ ಒಂದನೇತ್ತದಿಂದನ ಇಂಗ್ಲಿಷ್ ಐತಿ ಖರೆ, ಆದ್ರ ಒಂದು ಊರಾಗ ಅದನ್ನ ಕಲಿಸೋರು ಇರ್ತಾರ, ಇನ್ನೊಂದು ಊರಾಗ ಗಣಿತದವ್ರ ಅದನ್ನೂ ತಲಿಮ್ಯಾಲೆ ಹೊತ್ಕೊಂಡಿರ್ತಾರ, ಮತ್ತೊಂದ್ರಾಗ ಅರ್ಧ ವರ್ಷ ಕಳೆದ ಮ್ಯಾಲೆ ಅತಿಥಿ ಶಿಕ್ಷಕರು ಬಂದಿರ್ತಾರ. ಒಂದೇ ಬೆಂಚಿನ್ಯಾಗ ಸರಾಗ ಪ್ಯಾರಾ ಓದೋ ಹುಡುಗಿ, ಪಕ್ಕಕ್ಕ ಬಿ ಯಾವ್ದು ಡಿ ಯಾವ್ದು ಅಂತ ಇನ್ನೂ ತಡವರಿಸೋ ಹುಡುಗಿ. ಜೂನ್ ತಿಂಗಳದಾಗ ಟೀಚರಿಗೆ ಯಾರ್ಯಾರು ಎಲ್ಲೆಲ್ಲಿ ಅದಾರ ಗೊತ್ತಿರಂಗಿಲ್ಲ, ಅದಕ್ಕ ಎಲ್ಲಾರಿಗೂ ಸೇರಿಸಿ ಒಂದು ರೂಲ್ಸು ಹಾಕಿಬಿಡ್ತಾರ. ಅದನ್ನ ನಿಮ್ಮ ಹುಡುಗಿ ಮಟ್ಟಿಗೆ ಸಡಿಲ ಮಾಡಬೇಕಂದ್ರ ಅವ್ರಿಗೆ ಸುದ್ದಿ ಬೇಕು. ಸಂಜಿ ಅಕಿ ಎಷ್ಟೊತ್ತಿಗೆ ಮನಿ ಮುಟ್ತಾಳ, ನೋಟ್‌ಬುಕ್ ಹಿಡಿಯೋದು ಎಷ್ಟೊತ್ತಿಗೆ, ಮನ್ಯಾಗ ಹೇಳಿಕೊಡೋರು ಯಾರೂ ಇಲ್ಲ ಅನ್ನೋದು, ಇಷ್ಟು ಹೇಳ್ರಿ ಸಾಕು. ನಮ್ಮ ಹುಡುಗಿ ಶ್ಯಾಣೆ ಅದಾಳ್ರಿ, ಮೊದ್ಲು ಹಿಂಗಿರಲಿಲ್ರಿ ಅಂತೆಲ್ಲ ಎಲ್ಲಾ ಪಾಲಕರೂ ಹೇಳ್ತಾರ, ಅದ್ರಿಂದ ಟೀಚರಿಗೆ ಏನೂ ತಿಳಿಯಂಗಿಲ್ಲ.

ಆಮ್ಯಾಲೆ ಒಂದ ಒಂದು ಕೇಳ್ಕೊಳ್ರಿ. ಹೋಮ್‌ವರ್ಕನ್ನ ಪಿರಿಯಡ್ ಮುಗಿಯೋಕ ಹತ್ತು ನಿಮಿಷ ಇರ್ತಾ ಕ್ಲಾಸಿನ್ಯಾಗನ ಶುರು ಮಾಡಿಸ್ರಿ ಅಂತ. ಮೊದಲ್ನೇ ಎರಡು ಪ್ರಶ್ನೆ ಅವ್ರ ಮುಂದ ಬರೆದು ಮುಗಿಸಿದ್ರ ಏನು ಮಾಡಬೇಕು ಅನ್ನೋದು ತಿಳಿದಿರ್ತೈತಿ, ಮನ್ಯಾಗ ಉಳಿದಿದ್ದು ಬರಿಯೋದಷ್ಟ. ಹಳ್ಳಿ ಮಕ್ಕಳ ಹೋಮ್‌ವರ್ಕ್ ತಪ್ಪೋದು ಸೋಮಾರಿತನಕ್ಕಲ್ಲ, ಪ್ರಶ್ನೆ ಏನು ಕೇಳೈತಿ ಅಂತನ ತಿಳಿದಿರಂಗಿಲ್ಲ, ಮನಿಗೆ ಹೋದ ಮ್ಯಾಲೆ ಕೇಳಾಕ ಯಾರೂ ಇರಂಗಿಲ್ಲ.

ಇಪ್ಪತ್ತು ಸಲ ಬರೆಸೋದ್ರ ಬಗ್ಗೆ ನಾನು ಖಡಾಖಂಡಿತ ವಿರೋಧಿ. ಮಕ್ಕಳು ಅದನ್ನ ಹೆಂಗ ಬರೀತಾರ ಗೊತ್ತೇನು? ಬ್ಯೂಟಿಫುಲ್ ಅಂತ ಕೊಟ್ರ ಮೊದ್ಲು ಮ್ಯಾಲಿಂದ ಕೆಳತನಕ ಇಪ್ಪತ್ತು ಬಿ ಇಳಿಸ್ತಾರ, ಆಮ್ಯಾಲೆ ಅದ್ರ ಪಕ್ಕಕ್ಕ ಇಪ್ಪತ್ತು ಇ, ಆಮ್ಯಾಲೆ ಇಪ್ಪತ್ತು ಎ. ಕಡಿಕ ಇಪ್ಪತ್ತು ಪದ ಆಗಿರ್ತಾವ, ಹುಡುಗ ಒಂದು ಸಲನೂ ಆ ಪದ ಬರೆದಿರಂಗಿಲ್ಲ. ಅದ್ರ ಬದ್ಲಿ ಪದ ನೋಡು, ಬಾಯಿಬಿಟ್ಟು ಓದು, ಕೈಯಿಂದ ಮುಚ್ಚು, ನೋಡದಂಗ ಬರಿ, ತೆಗೆದು ತಾಳೆ ನೋಡು. ಇದನ್ನ ಮೂರು ಸಲ ಮಾಡಿದ್ರ ಆ ಪದ ತಲ್ಯಾಗ ಕುಂದುರ್ತೈತಿ. ಇದನ್ನ ನೀವು ಟೀಚರಿಗೆ ಹೇಳಾಕ ಹೋಗಬ್ಯಾಡ್ರಿ ಮತ್ತ, ಪಾಲಕರು ಪಾಠ ಮಾಡಾಕ ಬಂದಾರ ಅಂತ ಸಿಟ್ಟಾಗ್ತಾರ, ಮನ್ಯಾಗ ಮಗಳಿಗೆ ಹೇಳ್ರಿ. ಸ್ಪೆಲಿಂಗ್ ತಪ್ಪೋದು ಕಮ್ಮಿ ಆದ್ರ ಇಪ್ಪತ್ತು ಸಲದ ಮಾತ ಬರಂಗಿಲ್ಲ.

ರೈತ, ಮಸ್ಕಿ ಹತ್ರದ ಹಳ್ಳಿ

ನಾ ಸ್ವಲ್ಪ ಕಟುವಾಗಿ ಹೇಳ್ತೀನಿ ಅಕ್ಕಾರ ಬೇಸರ ಮಾಡ್ಕೋಬ್ಯಾಡ್ರಿ, ಹಿಂದಿನವ್ರು ಟೀಚರ್ ಹತ್ರ ಹೋಗ್ರಿ ಅಂದ್ರು ಸರಿ, ಆದ್ರ ನೀವು ಬರೆದಿದ್ದನ್ನ ಓದಿದ್ರ ಅರ್ಧ ತೊಂದರಿ ಸಾಲ್ಯಾಗಿಲ್ಲ ಮನ್ಯಾಗ ಐತಿ. ಹತ್ತಿ ಬಿಡಿಸೋದು ಕೆಜಿ ಲೆಕ್ಕದ ಕೂಲಿ, ಕೈ ಎಷ್ಟು ಜಾಸ್ತಿ ಅಷ್ಟು ರೊಕ್ಕ, ನಮಗೂ ಗೊತ್ತೈತಿ, ನಮ್ಮ ಮನ್ಯಾಗೂ ಅದ ಕಥಿ. ದಸರಾ ರಜಾ ಮುಗಿದ ಮ್ಯಾಲೆ ಸಾಲ್ಯಾಗ ಬೆಂಚು ಖಾಲಿ ಆಗೋದು ಯಾಕ ಅಂತ ಈ ಕಡೆ ಯಾರನ್ನ ಕೇಳಿದ್ರೂ ಹೇಳ್ತಾರ. ನಿಮ್ಮ ಹುಡುಗಿ ಹೊಲಕ್ಕ ಬರ್ತಿಲ್ಲ ಅದು ದೊಡ್ಡದು, ಆದ್ರ ಹೊಲಕ್ಕ ಬರದಿದ್ರೂ ಒಲಿ ಮುಂದ ಅದಾಳಲ್ಲ. ಸಂಜಿ ಬಂದು ನೀರು ತುಂಬಿ, ಕಸ ಹೊಡೆದು, ತಮ್ಮನ್ನ ಸಂಭಾಳಿಸಿ, ಅನ್ನಕ್ಕಿಟ್ಟು ಆಮ್ಯಾಲೆ ನೋಟ್‌ಬುಕ್ ಹಿಡಿದ್ರ ಕಣ್ಣು ಎಳಿತಾವ, ಅದೂ ಕರೆಂಟ್ ಇದ್ರ.

ಒಂದು ತಾಸು. ಏಳರಿಂದ ಎಂಟು ಅಂತ ಇಟ್ಕೊಳ್ರಿ, ಆ ತಾಸಿನ್ಯಾಗ ಅಕಿನ್ನ ಯಾರೂ ಕರಿಯಂಗಿಲ್ಲ, ಅವರಪ್ಪನೂ ಚಾ ಕೇಳಂಗಿಲ್ಲ. ತಮ್ಮನ್ನ ಅವರಪ್ಪ ಎತ್ಕೊಂಡು ಕಟ್ಟಿಮ್ಯಾಲೆ ಕುಂದ್ರಲಿ. ಗಂಡುಸ್ರು ಇದನ್ನ ಓದಿ ನಗ್ತಾರ ನಗ್ಲಿ.

ಇನ್ನ ಪ್ರೈವೇಟ್ ಮಾತು. ವ್ಯಾನ್ ಫೀಜು, ಡ್ರೆಸ್ಸು, ಬೂಟು, ಪುಸ್ತಕ ಎಲ್ಲಾ ಸೇರಿಸಿ ಲೆಕ್ಕ ಹಾಕ್ರಿ, ಆಮ್ಯಾಲೆ ಅಲ್ಲಿ ರೂಲ್ಸು ಇರಂಗಿಲ್ಲ ಅನ್ಕೊಂಡಿರೇನು, ಇದ್ರ ಎರಡರಷ್ಟು ಇರ್ತಾವ, ಡೈರಿ ಮ್ಯಾಲೆ ದಿನಾ ಸಹಿ ಬ್ಯಾರೆ. ಕನ್ನಡದಾಗ ವಿಜ್ಞಾನ ಓದಿದ ಹುಡುಗಿಗೆ ಎಂಟನೇತ್ತದ ನಡುವ ಎಲ್ಲಾ ಇಂಗ್ಲಿಷಿನ್ಯಾಗ ಓದು ಅಂದ್ರ ಈಗ ಒಂದು ಸಬ್ಜೆಕ್ಟಿಗೆ ಅಳೋದು ಆಮ್ಯಾಲೆ ಐದಕ್ಕ ಅಳ್ತಾಳ.

ಇಂಗ್ಲಿಷ್ ಶಿಕ್ಷಕಿ, ಸಿರುಗುಪ್ಪ ತಾಲೂಕು

ನಾನೂ ಇದೇ ಕೆಲಸ ಮಾಡೋಳು, ಆ ಟೀಚರ್ ಪರವಾಗಿ ಎರಡು ಮಾತು ಹೇಳ್ಬೇಕು. ಎರಡು ಮೂರು ಸೆಕ್ಷನ್ ಇದ್ದಾಗ ದಿನಾ ನೂರಕ್ಕೂ ಹೆಚ್ಚು ನೋಟ್‌ಬುಕ್ ಟೇಬಲ್ ಮೇಲೆ ಬೀಳ್ತವೆ. ತಡ ಆದ್ರೂ ತಗೋತೀನಿ ಅಂದ್ರೆ ಒಂದು ವಾರದಲ್ಲಿ ಏನಾಗುತ್ತೆ ಅಂದ್ರೆ ಅರ್ಧ ಕ್ಲಾಸು ಇಂಟರ್ವಲ್‌ನಲ್ಲಿ ಕೂತು ಒಬ್ಬಳ ನೋಟ್‌ಬುಕ್ ಇಟ್ಕೊಂಡು ಇಳಿಸ್ತಾ ಇರುತ್ತೆ, ಒಬ್ಬಳು ತಪ್ಪು ಬರೆದಿದ್ರೆ ಅದೇ ತಪ್ಪು ಹದಿನೈದು ನೋಟ್‌ಬುಕ್‌ನಲ್ಲಿ. ಗೈಡ್ ನೋಡಿ ಬರೆಯೋರು ಬೇರೆ, ಅವರ ಉತ್ತರ ನಮಗಿಂತ ಚೆನ್ನಾಗಿರುತ್ತೆ. ಅದಕ್ಕೆ ಟೈಮ್ ರೂಲ್ ಬೇಕೇ ಬೇಕು. ಮತ್ತೆ ಹೋಮ್‌ವರ್ಕು, ಆಕ್ಟಿವಿಟಿ, ಪ್ರಾಜೆಕ್ಟು ಇವೆಲ್ಲ ಎಫ್‌ಎ ಅಂದ್ರೆ ವರ್ಷದ ನಡುನಡುವೆ ಮಾಡೋ ಮೌಲ್ಯಮಾಪನದ ಲೆಕ್ಕಕ್ಕೆ ಬರ್ತವೆ, ವರ್ಷಕ್ಕೆ ನಾಲ್ಕು ಎಫ್‌ಎ, ಎರಡು ಎಸ್‌ಎ, ಅಂದ್ರೆ ದೊಡ್ಡ ಪರೀಕ್ಷೆ. ಮುಂದೆ ಎಸ್‌ಎಸ್‌ಎಲ್‌ಸಿಗೆ ಹೋದಾಗ ಇಂಗ್ಲಿಷಿಗೆ ಪರೀಕ್ಷೆ 80, ಸ್ಕೂಲಿಂದ ಕೊಡೋ ಇಂಟರ್ನಲ್ 20. ಪೇಪರ್‌ನಲ್ಲಿ ಲೆಟರ್ ಬರಿ, ಚಿತ್ರ ನೋಡಿ ಬರಿ, ಪದ್ಯ ಬಾಯಿಪಾಠ ಬರಿ ಅಂತ ಇರುತ್ತೆ, ಅದು ಹತ್ತನೇ ಕ್ಲಾಸಿನ ಜನವರಿಯಲ್ಲಿ ಕೂತ್ರೆ ಬರಲ್ಲ, ಎಂಟನೇ ಕ್ಲಾಸಿಂದ ಕೈ ಓಡಬೇಕು. ಆ ಟೀಚರ್‌ಗೆ ಇದೇ ಚಿಂತೆ ಇರೋದು ಅಂತ ನನಗನಿಸುತ್ತೆ.

ಆದ್ರೆ ಕನ್ನಡ ಮಾತಾಡಬಾರದು ಅನ್ನೋದನ್ನ ನಾನು ಒಪ್ಪಲ್ಲ. ಅದ್ರಿಂದ ಇಂಗ್ಲಿಷ್ ಬರಲ್ಲ, ಮಕ್ಕಳು ಬಾಯಿ ಮುಚ್ಕೋತಾರೆ ಅಷ್ಟೆ. ಟಾಯ್ಲೆಟ್‌ಗೆ ಹೋಗ್ಬೇಕಂದ್ರೂ ಇಂಗ್ಲಿಷಲ್ಲಿ ಹೆಂಗೆ ಕೇಳೋದು ಅಂತ ತಡ್ಕೊಂಡು ಕೂರೋ ಹುಡುಗೀರಿದ್ದಾರೆ. ನಮ್ಮ ಕ್ಲಾಸಲ್ಲಿ ಗೋಡೆಗೆ ಒಂದು ಚಾರ್ಟ್ ಹಾಕಿದೀನಿ, ಮೇ ಐ ಗೋ ಔಟ್, ಐ ಡಿಡ್ ನಾಟ್ ಅಂಡರ್‌ಸ್ಟ್ಯಾಂಡ್, ಪ್ಲೀಸ್ ಸೇ ಇಟ್ ಅಗೇನ್, ಹಿಂಗೆ ದಿನಾ ಬೇಕಾಗೋ ಮಾತು. ಅಷ್ಟು ಮಾತ್ರ ಇಂಗ್ಲಿಷಲ್ಲೇ ಹೇಳ್ಬೇಕು, ನೋಡ್ಕೊಂಡು ಹೇಳಿದ್ರೂ ಸರಿ. ಡೌಟ್ ಇದ್ರೆ ಕನ್ನಡದಲ್ಲಿ ಕೇಳಲಿ, ನಾನು ಇಂಗ್ಲಿಷಲ್ಲಿ ಹೇಳಿ, ತಿಳೀಲಿಲ್ಲ ಅಂದ್ರೆ ಕನ್ನಡದಲ್ಲೂ ಹೇಳ್ತೀನಿ. ಅಕ್ಕ, ನೀವು ಹೋದಾಗ ಈ ಟಾಯ್ಲೆಟ್ ವಿಷಯ ಒಂದನ್ನ ಕೇಳಿ ನೋಡಿ, ಹೆಣ್ಣುಮಗಳು ಆಗಿದ್ರೆ ತಕ್ಷಣ ಅರ್ಥ ಆಗುತ್ತೆ, ಗಂಡಸಾದ್ರೂ ಮುಖ ತಗ್ಗಿಸ್ತಾರೆ.

ನರ್ಸಿಂಗ್ ಓದ್ತಿರೋ ಹುಡುಗಿ, ಕೊಪ್ಪಳ ಜಿಲ್ಲೆ (ಈಗ ಬಳ್ಳಾರಿ)

ಎಲ್ಲಾರೂ ಹೊಟ್ಟಿನೋವನ್ನ ನೆಪ ಅಂತನ ಬಿಟ್ಟುಬಿಟ್ರಲ್ಲ. ಆಂಟಿ, ಅದು ಹೆದರಿಕಿಗೆ ಬರೋ ನೋವಾಗಿದ್ರೂ ಖರೇನ ನೋವು, ಸುಳ್ಳಲ್ಲ. ಆದ್ರ ಹದಿಮೂರು ಹದಿನಾಕರ ವಯಸ್ಸು, ಮುಟ್ಟು ಶುರು ಆಗೋ ಟೈಮು, ಮುಂಜಾನೆ ಏನೂ ತಿನ್ನದ ಬಸ್ಸಿಗೆ ಓಡೋದು, ಸಾಲ್ಯಾಗ ಟಾಯ್ಲೆಟ್ ಸರಿ ಇಲ್ಲ ಅಂತ ನೀರ ಕುಡಿಯದ ಇರೋದು, ಇದ್ರಾಗ ಯಾವ್ದೂ ಇರಬಹುದು. ಒಂದು ಸಲ ಪಿಎಚ್‌ಸಿಗೆ ಕರ್ಕೊಂಡು ಹೋಗಿ ತೋರಿಸ್ರಿ, ರಕ್ತ ಟೆಸ್ಟ್ ಮಾಡಿಸ್ರಿ, ಊರಿನ ಆಶಾ ಅಕ್ಕಾರಿಗೆ ಹೇಳಿದ್ರ ಅವ್ರ ಕರ್ಕೊಂಡು ಹೋಗ್ತಾರ. ಭಾನುವಾರ ಮುಂಜಾನೆನೂ ನೋವು ಬರ್ತೈತೋ ಇಲ್ಲೋ ಅದನ್ನೂ ನೋಡ್ರಿ, ಡಾಕ್ಟ್ರು ಅದನ್ನ ಕೇಳ್ತಾರ.

ಇಂಗ್ಲಿಷ್ ಬಗ್ಗೆ ಹೇಳ್ಬೇಕಂದ್ರ ನಾನೂ ಯಲಬುರ್ಗಾ ಕಡೆ ಕನ್ನಡ ಮೀಡಿಯಮ್ಮಿನ್ಯಾಗ ಹತ್ತನೇತ್ತ ತನಕ ಓದಿದೋಳು, ಈಗ ನಮ್ಮ ಪುಸ್ತಕ ಎಲ್ಲಾ ಇಂಗ್ಲಿಷು, ನಡೀತೈತಿ. ನಮ್ಮೂರಾಗ ಪಂಚಾಯ್ತಿ ಲೈಬ್ರರಿ ಇತ್ತು, ಈಗ ಅದಕ್ಕ ಅರಿವು ಕೇಂದ್ರ ಅಂತ ಹೆಸರು, ನಿಮ್ಮ ಪಂಚಾಯ್ತಿ ಊರಾಗೂ ಇರ್ತೈತಿ ವಿಚಾರ್ಸ್ರಿ. ಸಾಲಿ ಬಿಟ್ಟ ಮ್ಯಾಲೆ ಬಸ್ಸು ಬರೋತನಕ ನಾವು ಮೂರ್ನಾಕು ಹುಡುಗೀರು ಅಲ್ಲಿ ಕುಂತು ಇಂಗ್ಲಿಷ್ ಹೋಮ್‌ವರ್ಕ್ ಮುಗಿಸಿಬಿಡ್ತಿದ್ವಿ, ಒಬ್ಬಾಕಿ ಡಿಕ್ಷನರಿ ನೋಡೋದು ಒಬ್ಬಾಕಿ ಬರಿಯೋದು, ಮನಿಗೆ ಹೋಗೋಷ್ಟೊತ್ತಿಗೆ ಬ್ಯಾಗಿನ್ಯಾಗ ಗಣಿತ ಒಂದ ಉಳಿದಿರ್ತಿತ್ತು. ನಿಮ್ಮ ಮಗಳಿಗೆ ಆ ಹೊಸ ಸಾಲ್ಯಾಗ ಗೆಳತೀರು ಯಾರಾದ್ರೂ ಆಗ್ಯಾರೇನು? ಅದನ್ನ ಕೇಳ್ರಿ ಮೊದ್ಲು. ಊರ ಸಾಲ್ಯಾಗ ಎಲ್ಲಾರೂ ಗೊತ್ತಿದ್ದೋರು, ಇಲ್ಲಿ ಒಬ್ಬಾಕಿನ ಆಗಿಬಿಟ್ಟಿದ್ರ ಕನ್ನಡದ ಪಾಠನೂ ಭಾರ ಅನಿಸ್ತೈತಿ.

ಪಾಲಕರು, ಲಿಂಗಸುಗೂರು

ಕಾನೂನು ಏನೈತಿ ಅನ್ನೋದೂ ಗೊತ್ತಿರ್ಲಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಎಂಟನೇತ್ತ ತನಕ ಬರ್ತೈತಿ, ಅದ್ರ 17ನೇ ಸೆಕ್ಷನ್ ಪ್ರಕಾರ ಮಗುವಿಗೆ ಹೊಡಿಯೋದೂ ಇಲ್ಲ, ಮಾನಸಿಕ ಹಿಂಸೆ ಕೊಡೋದೂ ಇಲ್ಲ. 2020ರಾಗ ಕೇಂದ್ರದವ್ರು ಮಾಡಿದ ಸ್ಕೂಲ್ ಬ್ಯಾಗ್ ಪಾಲಿಸಿ ಒಳಗ ಆರರಿಂದ ಎಂಟನೇತ್ತಕ್ಕ ದಿನಕ್ಕ ಒಂದು ತಾಸಿಗಿಂತ ಜಾಸ್ತಿ ಹೋಮ್‌ವರ್ಕ್ ಬ್ಯಾಡ, ಒಂಬತ್ತರ ಮ್ಯಾಲೆ ಎರಡು ತಾಸು ಅಂತ ಐತಿ. ಅದು ಎಲ್ಲಾ ಸಬ್ಜೆಕ್ಟೂ ಕೂಡಿ, ಒಬ್ಬೊಬ್ಬ ಟೀಚರಿಗೆ ಒಂದೊಂದು ತಾಸಲ್ಲ! ಆರು ಟೀಚರೂ ಸ್ವಲ್ಪ ಸ್ವಲ್ಪನ ಕೊಡ್ತಾರ, ಕೂಡಿಸಿ ನೋಡೋರು ಯಾರೂ ಇರಂಗಿಲ್ಲ. ಹಂಗಂತ ಮೊದಲ್ನೇ ದಿನನ ಸೆಕ್ಷನ್ ನಂಬರ್ ಹಿಡ್ಕೊಂಡು ಹೋಗಬ್ಯಾಡ್ರಿ. ಟೀಚರ್ ಕೇಳಲಿಲ್ಲ ಅಂದ್ರ ಹೆಡ್‌ಮಾಸ್ಟ್ರು, ಅಲ್ಲೂ ಆಗ್ಲಿಲ್ಲ ಅಂದ್ರ ಎಸ್‌ಡಿಎಂಸಿ ಅಂದ್ರ ಸಾಲಿ ಉಸ್ತುವಾರಿ ಸಮಿತಿಯವ್ರು, ಅಲ್ಲಿ ನಿಮ್ಮಂಥ ಪಾಲಕರ ಇರ್ತಾರ.

ಓದುಗರು, ಮಾನ್ವಿ

ಏನ ಹೇಳ್ರಿ, ಮುಂದ ಕೆಲಸ ಸಿಗಬೇಕಂದ್ರ ಇಂಗ್ಲಿಷ್ ಬೇಕು, ಸ್ಟ್ರಿಕ್ಟ್ ಟೀಚರ್ ಸಿಕ್ಕಾರ ಅಂದ್ರ ಪುಣ್ಯ ಅನ್ಕೋಬೇಕು. ನಮ್ಮ ಕಡೆ ಇಂಗ್ಲಿಷ್ ಪೋಸ್ಟ್ ಖಾಲಿ ಬಿದ್ದ ಸಾಲಿ ಎಷ್ಟದಾವ, ಅಲ್ಲಿ ಮಕ್ಕಳಿಗೆ ರೂಲ್ಸೂ ಇಲ್ಲ ಹೋಮ್‌ವರ್ಕೂ ಇಲ್ಲ, ಆರಾಮ ಅದಾರ. ಎರಡು ತಿಂಗಳು ಅಳ್ತಾಳ, ಆಮ್ಯಾಲೆ ರೂಢಿ ಆಗ್ತೈತಿ. ಅತೀ ಮುದ್ದು ಮಾಡಬ್ಯಾಡ್ರಿ.

ಗೃಹಿಣಿ, ರಾಯಚೂರು

ಮಾನ್ವಿಯವ್ರು ಹೇಳಿದ್ದು ಅರ್ಧ ಖರೆ ಅದ, ಟೀಚರ್ ಇಲ್ಲದ ಸಾಲಿ ಕಷ್ಟ ನಮಗೂ ಗೊತ್ತದ. ಆದ್ರ ಅಳೋದು ರೂಢಿ ಆಗ್ತದ ಅನ್ನೋದು ಗಂಡಸ್ರ ಮಾತು ಇರಬೇಕು. ರೂಢಿ ಆಗಂಗಿಲ್ರಿ, ಹಂಗ ಒಂದಿನ ಸಾಲಿ ಬಿಟ್ಟ ಬಿಡ್ತಾರ, ಆಮ್ಯಾಲೆ ಮದುವಿ ಮಾತು ಶುರು ಆಗ್ತದ.

ತಂಗಿ, ನನಗೂ ಇಂಗ್ಲಿಷ್ ಬರಂಗಿಲ್ಲ, ಆದ್ರೂ ನಮ್ಮ ಇಬ್ಬರು ಮಕ್ಕಳ ಇಂಗ್ಲಿಷ್ ನೋಡ್ದೋಳು ನಾನ. ನಾ ರೊಟ್ಟಿ ಬಡಿಯೋಮುಂದ ಅವ್ರು ಪಕ್ಕಕ್ಕ ಕುಂತು ಪಾಠ ಜೋರಾಗಿ ಓದಬೇಕು. ಅರ್ಥ ನನಗ ಬ್ಯಾಡ, ತಡವರಿಸಿದ್ದು ಕಿವಿಗೆ ಗೊತ್ತಾಗ್ತದಲ್ಲ. ಎಲ್ಲಿ ನಿಂತ್ರೋ ಅಲ್ಲಿ ಪೆನ್ಸಿಲ್ಲಿಲೆ ಒಂದು ಗೀಟು ಹಾಕು ಅಂತಿದ್ದೆ, ಮರುದಿನ ಆ ಗೀಟು ಹಾಕಿದ್ದಷ್ಟ ಟೀಚರಿಗೆ ಕೇಳ್ಕೊಂಡು ಬರ್ತಿದ್ರು, ಪೂರಾ ಪಾಠ ತಿಳೀಲಿಲ್ಲ ಅಂದ್ರ ಯಾವ ಟೀಚರಿಗೂ ಸಿಟ್ಟು ಬರ್ತದ, ಈ ನಾಕು ಪದ ತಿಳೀಲಿಲ್ಲ ಅಂದ್ರ ಕುಂದ್ರಿಸಿ ಹೇಳ್ತಾರ. ಇನ್ನೊಂದು, ಸರ್ಕಾರದ ಪುಸ್ತಕದಾಗ ಚೌಕಾಕಾರದ ಕಪ್ಪು ಚುಕ್ಕಿ ಚುಕ್ಕಿ ಗುರುತು ಇರ್ತಾವ ನೋಡ್ರಿ, ಕ್ಯೂಆರ್ ಕೋಡು, ಮೊಬೈಲಿನ್ಯಾಗ ದೀಕ್ಷಾ ಆಪ್ ಹಾಕ್ಕೊಂಡು ಅದನ್ನ ಸ್ಕ್ಯಾನ್ ಮಾಡಿದ್ರ ಆ ಪಾಠದ್ದು ವಿಡಿಯೋ ಏನಾದ್ರೂ ಇದ್ರ ಬರ್ತದ, ದುಡ್ಡಿಲ್ಲ. ಮೊಬೈಲ್ ಅವರಪ್ಪನ ಕಿಸೆದಾಗ ಇದ್ರ ಮಾತ್ರ ಉಪಯೋಗ ಇಲ್ಲ ಮತ್ತ.

ಟೀಚರ್ ಭೇಟಿಗೆ ಶನಿವಾರ ಹೋಗ್ರಿ. ಮುಂಜಾನೆ ಸಾಲಿ ಇರ್ತದ, ಮಧ್ಯಾಹ್ನ ಬಿಟ್ಟ ಮ್ಯಾಲೆ ಅವ್ರಿಗೂ ಪುರಸತ್ತು, ನಿಮ್ಮ ಕೂಲಿನೂ ಅರ್ಧ ದಿನದ್ದಷ್ಟ ಹೋಗ್ತದ. ಮಗಳ ಮೂರೂ ನೋಟ್‌ಬುಕ್ ಚೀಲದಾಗ ಹಾಕ್ಕೊಂಡು ಹೋಗ್ರಿ, ಸಾಧ್ಯ ಆದ್ರ ಅವರಪ್ಪನ್ನೂ ಕರ್ಕೊಂಡು ಹೋಗ್ರಿ, ಆ ರೂಲ್ಸಿನ ಹಾಳಿಗೆ ಸಹಿ ಮಾಡಿದೋರು ಅವ್ರ ಇರಬೇಕಲ್ಲ.